ನಾಲ್ಕನೇ ಗೇರಿನ ನಡುಕ

ಜನವರಿ 12

ಅಣ್ಣಾ,

ಕ್ಷೇಮ ಸಮಾಚಾರ ಕೊನೆಗೆ, ಮೊದಲು ಬೈಗುಳ. ನಿನ್ನ ಬೆಟ್ಟಕ್ಕೆ ಇನ್ನೂ ಫೋನು ಹತ್ತಿ ಬಂದಿಲ್ಲ, ಅದು ನಿನ್ನ ಪುಣ್ಯ. ಬಂದಿದ್ದರೆ ಇವತ್ತು ನಿನ್ನ ಕಿವಿ ಉಳಿಯುತ್ತಿರಲಿಲ್ಲ.

ಅಪ್ಪನ ಜೀಪನ್ನು ಗೇಣುದ್ದ ಎತ್ತರಿಸಿ, ಆಳೆತ್ತರದ ಟೈರು ಹಾಕಿ, "ಚೂಟಿ, ಇನ್ಮೇಲೆ ನಿನ್ನ ನೀರಿನ ಕೆಲ್ಸಕ್ಕೆ ಯಾವ ಹಳ್ಳ ಅಡ್ಡ ಬಂದ್ರೂ ಕೇರ್ ಮಾಡ್ಬೇಡ" ಅಂತ ಕಳಿಸಿದೆಯಲ್ಲ. ಹಳ್ಳ ದಾಟುತ್ತದೆ, ಒಪ್ಪಿದೆ. ಕೆರೆಯ ಏರಿ ಹತ್ತುತ್ತದೆ, ಕಲ್ಲುಗುಂಡಿನ ಮೇಲೆ ಒಂಟಿಕಾಲಲ್ಲಿ ನಿಲ್ಲುತ್ತದೆ. ಆದರೆ ಮಹಾರಾಯ, ನೀರಿನ ಮಾದರಿ ತರುವ ನಾನು ಕೆರೆಯಲ್ಲೇ ವಾಸ ಮಾಡುವುದಿಲ್ಲ. ಕೆರೆಗೆ ಹೋಗಬೇಕಾದರೂ ಪ್ರಯೋಗಾಲಯಕ್ಕೆ ಮರಳಬೇಕಾದರೂ ಹೆದ್ದಾರಿಯೇ ಗತಿ.

ಮೊನ್ನೆ ಆ ಹೆದ್ದಾರಿಯಲ್ಲಿ ಏನಾಯಿತು ಕೇಳು. ನಾಲ್ಕನೇ ಗೇರು, ಎಂಬತ್ತರ ವೇಗ. ರಸ್ತೆ ಮುಗಿದು ಸೇತುವೆ ಶುರುವಾಗುವಲ್ಲಿ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇದೆ. ಎಡ ಚಕ್ರ ಅದಕ್ಕೆ ಬಡಿದದ್ದೇ ತಡ, ಸ್ಟೀರಿಂಗು ನನ್ನ ಕೈಯಲ್ಲಿ ಹುಚ್ಚೆದ್ದು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ಸಣ್ಣ ನಡುಕವಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ಒಂದಿದ್ದದ್ದು ಮೂರಾಗಿ ಕಂಡಿತು. ನನ್ನ ಹಲ್ಲುಗಳು ಒಂದಕ್ಕೊಂದು ಬಡಿದವು. ಗಾಡಿ ಎಲ್ಲಿಗೆ ಹೋಗುತ್ತದೆ ಎನ್ನುವುದು ನನ್ನ ಕೈಯಲ್ಲಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ, ಬ್ರೇಕನ್ನು ಮುಟ್ಟದೆ, ತಾನಾಗಿ ವೇಗ ಇಳಿಯುವ ತನಕ ಸುಮ್ಮನೆ ಹಿಡಿದುಕೊಂಡಿದ್ದೆ. ನಲವತ್ತಕ್ಕೆ ಇಳಿದ ಮೇಲೆ ನಡುಕ ನಿಂತಿತು. ಮುಂದೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸಾಧುವಾಗಿ ಓಡಿತು.

ಅಪ್ಪ ಇದ್ದಾಗ ಈ ಜೀಪು ಒಂದು ದಿನವೂ ಹೀಗೆ ಮಾಡಿದ್ದಿಲ್ಲ. ಏನು ಮಾಡಿಟ್ಟಿದ್ದೀಯ?

ಅಮ್ಮ ಚೆನ್ನಾಗಿದ್ದಾಳೆ. ಮೊಣಕೈಗೆ ಬಚ್ಚಲಿನ ಬಾಗಿಲು ತಗುಲಿ ನೀಲಿಗಟ್ಟಿದೆ, ಅಷ್ಟೆ.

ಚೂಟಿ


ಜನವರಿ 24

ಚೂಟಿ,

ನಿನ್ನ ಪತ್ರವನ್ನು ಗ್ಯಾರೇಜಿನಲ್ಲಿ ಜೋರಾಗಿ ಓದಿದೆ. ಕನ್ನಡಿಯಲ್ಲಿ ಮೂರು ಲಾರಿ ಕಂಡ ಜಾಗದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕತೆ ಕಟ್ಟುವುದರಲ್ಲಿ ನಿನ್ನನ್ನು ಬಿಟ್ಟರಿಲ್ಲ.

ನೋಡು, ನನ್ನ ಕೈಯಿಂದ ಎತ್ತರವಾಗಿ ಹೋದ ಗಾಡಿಗಳು ಈ ಬೆಟ್ಟದ ಕಲ್ಲುಗಣಿಯ ತುಂಬ ಓಡಾಡುತ್ತಿವೆ. ಒಬ್ಬನಾದರೂ ಬಂದು "ಅಣ್ಣಾ, ನಡುಗ್ತದೆ" ಅಂದಿಲ್ಲ. ನಿನ್ನ ಜೀಪನ್ನು ಕಳಿಸುವ ಮೊದಲು ನಾನೇ ಹಳ್ಳದ ಬಂಡೆಗಳ ಮೇಲೆ ಹತ್ತಿಸಿ ಇಳಿಸಿದ್ದೇನೆ. ಒಂದು ಚಕ್ರ ಗಾಳಿಯಲ್ಲಿದ್ದರೂ ಉಳಿದ ಮೂರು ನೆಲ ಕಚ್ಚಿಕೊಂಡಿದ್ದವು. ಮುಂದಿನದೂ ಹಿಂದಿನದೂ ಗಟ್ಟಿ ಆಕ್ಸಲ್ಲು, ಎಡ ಬಲ ಚಕ್ರಗಳಿಗೆ ಇಡೀ ಒಂದೇ ತೊಲೆ. ಈಗಿನ ಕಾರುಗಳ ಹಾಗೆ ನಾಜೂಕಿನ ಮೂಳೆ ಅಲ್ಲ ಅದು.

ತೊಂದರೆ ಎಲ್ಲಿದೆ ಅಂತ ನನಗೆ ಗೊತ್ತು. ನೀನು ಸ್ಟೀರಿಂಗನ್ನು ಕತ್ತು ಹಿಸುಕುವ ಹಾಗೆ ಹಿಡಿಯುತ್ತೀಯ. ಸೈಕಲ್ ಕಲಿಯುವಾಗಲೂ ಹಾಗೇ ಮಾಡಿ ಚರಂಡಿಗೆ ಬಿದ್ದಿದ್ದೆ. ಕೈ ಸಡಿಲ ಬಿಡು, ಟೈರಿಗೆ ಸ್ವಲ್ಪ ಗಾಳಿ ಕಡಿಮೆ ಮಾಡು, ಎಲ್ಲ ಸರಿಹೋಗುತ್ತದೆ.

ಮಾರ್ಚ್ ಕೊನೆಗೆ ಅಮ್ಮನನ್ನು ಇಟ್ಟುಕೊಳ್ಳುವ ಸರದಿ ನನ್ನದು, ನೆನಪಿರಲಿ. ಅವಳಿಗೆಂದು ಕಟ್ಟಿಸಿದ ಕೋಣೆಗೆ ಸುಣ್ಣ ಬಳಿದಾಗಿದೆ. ಬೆಳಗಿನ ಬಿಸಿಲು ನೇರ ಹಾಸಿಗೆಯ ಮೇಲೆ ಬೀಳುತ್ತದೆ. ನಿನ್ನ ಅತ್ತಿಗೆ ಕಿಟಕಿಗೆ ಪರದೆ ಹೊಲಿಯುತ್ತಿದ್ದಾಳೆ. ಜೀಪಿನಲ್ಲಿ ನೀನೇ ಕರೆದುಕೊಂಡು ಬಾ, ಬಸ್ಸು ಅಂದರೆ ಅವಳಿಗೆ ವಾಂತಿ.

ಅಣ್ಣ


ಫೆಬ್ರವರಿ 3

ಗ್ಯಾರೇಜಿನ ಮಹಾಶಯರಿಗೆ,

ಇದನ್ನೂ ಜೋರಾಗಿ ಓದು. ನಗುವವರು ಸಾಲಾಗಿ ನಿಂತು ನಗಲಿ.

ಕೈ ಸಡಿಲ ಬಿಟ್ಟೆ. ಗಾಳಿ ಕಡಿಮೆ ಮಾಡಿದೆ. ಇಲ್ಲಿನ ಟೈರಿನ ಅಂಗಡಿಯಲ್ಲಿ ನಾಲ್ಕೂ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿದೆ. ಮತ್ತೆ ಅದೇ ಸೇತುವೆ, ಅದೇ ಪಟ್ಟಿ, ಅದೇ ಹುಚ್ಚು. ಹಿಂದೆ ಇಟ್ಟಿದ್ದ ಮಾದರಿ ಬಾಟಲಿಗಳಲ್ಲಿ ಅರ್ಧ ಒಡೆದವು. ಪ್ರಯೋಗಾಲಯದ ಸಾಹೇಬರು "ಏನಮ್ಮಾ, ನೀರು ತರ್ತೀಯೋ ಗಾಜಿನ ಪುಡಿ ತರ್ತೀಯೋ" ಅಂದರು. ನಿನ್ನ ಮರ್ಯಾದೆ ಉಳಿಸಲು ಬಾಟಲಿಯೇ ಸರಿಯಿರಲಿಲ್ಲ ಅಂದೆ.

ನಾನೂ ಅಪ್ಪನ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಟ್ಟು ಬೆಳೆದವಳೇ. ಭಾನುವಾರ ಜೀಪನ್ನು ಮನೆ ಮುಂದೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. "ಸುಮ್ನೆ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರು" ಅಂದೆ. ಗಾಡಿ ಕದಲುವುದಿಲ್ಲ ತಾನೇ ಅಂತ ನೂರು ಸಲ ಕೇಳಿ ಆಮೇಲೆ ತಿರುಗಿಸಿದಳು. ನಾನು ಕೆಳಗೆ ಮಲಗಿ ನೋಡಿದೆ. ಆಕ್ಸಲ್ಲು ಅತ್ತಿತ್ತ ಸರಿಯದಂತೆ ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಅಡ್ಡ ರಾಡು ಇದೆಯಲ್ಲ, ಅದರ ಬೋಲ್ಟು ತೂತಿನೊಳಗೆ ಟಕ್ ಟಕ್ ಅಂತ ಓಡಾಡುತ್ತಿದೆ. ಗಾಡಿ ಎತ್ತರಿಸಿದಾಗ ಆ ರಾಡಿಗೆ ನೀನು ಹೊಸ ಬ್ರಾಕೆಟ್ ಬೆಸೆದಿದ್ದೀಯ. ಅದರ ತೂತು ಸಡಿಲ. ಮುಂದಿನ ಚಕ್ರಗಳಿಗೆ ಇರಬೇಕಾದ ಓರೆಯೂ ಎತ್ತರಿಸಿದ ಮೇಲೆ ಹೋಗಿದೆ. ಅದಕ್ಕೇ ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರಕ್ಕೆ ಬರುವುದಿಲ್ಲ, ನೆಟ್ಟಗಿನ ರಸ್ತೆಯಲ್ಲೂ ಗಾಡಿ ಕುಡಿದವನ ಹಾಗೆ ಅಲೆಯುತ್ತದೆ. ತೊಲೆ ಒಂದೇ ಆದ್ದರಿಂದ ಎಡ ಚಕ್ರಕ್ಕೆ ಬಿದ್ದ ಏಟು ಬಲ ಚಕ್ರಕ್ಕೆ ಹೋಗುತ್ತದೆ, ಬಲದ್ದು ಎಡಕ್ಕೆ ಬರುತ್ತದೆ. ಹಿಡಿದು ನಿಲ್ಲಿಸಬೇಕಾದ ರಾಡೇ ಸಡಿಲವಾದರೆ ನಿಲ್ಲಿಸುವವರು ಯಾರು?

ಒಂದೇ ಒಂದು ಪ್ರಶ್ನೆ, ನೇರವಾಗಿ ಉತ್ತರ ಕೊಡು. ನಿನ್ನ ಬೆಟ್ಟದಲ್ಲಿ ನಾಲ್ಕನೇ ಗೇರು ಹಾಕುವ ರಸ್ತೆ ಎಲ್ಲಿದೆ? ಎತ್ತರಿಸಿದ ಮೇಲೆ ಒಂದು ಸಲವಾದರೂ ಈ ಗಾಡಿಯನ್ನು ಅರವತ್ತರ ಮೇಲೆ ಓಡಿಸಿದ್ದೀಯಾ?

ಇದು ಸರಿಯಾಗುವವರೆಗೆ ಅಮ್ಮ ಇದರಲ್ಲಿ ಬರುವುದಿಲ್ಲ. ರೈಲಿನಲ್ಲಿ ಬೆಟ್ಟದ ಬುಡಕ್ಕೆ ಕಳಿಸುತ್ತೇನೆ, ನೀನು ನಿಧಾನದ ಗಾಡಿ ತಂದು ಹತ್ತಿಸಿಕೊ.

ಚೂಟಿ


ಫೆಬ್ರವರಿ 15

ತಂಗಿಗೆ,

ನಾನು ಹಾಕಿದ ಬೆಸುಗೆ ಬಿಟ್ಟುಕೊಳ್ಳುವುದಿಲ್ಲ. ಅಪ್ಪ ಹೋದ ಮೇಲೆ ಈ ಕಸುಬಿನಲ್ಲಿ ನಿಂತವನು ನಾನು. ಭಾನುವಾರ ಒಂದು ದಿನ ಗಾಡಿ ಕೆಳಗೆ ಮಲಗಿ ಎದ್ದು ನನಗೆ ಪಾಠ ಹೇಳಬೇಡ.

ಈ ಪತ್ರದ ಜತೆ ಕಲ್ಲಿನ ಲಾರಿಯವನ ಕೈಲಿ ಒಂದು ಸ್ಟೀರಿಂಗ್ ಡ್ಯಾಂಪರ್ ಕಳಿಸಿದ್ದೇನೆ. ಭಾರಿ ಗಾಡಿಗಳಿಗೆ ಹಾಕುವಂಥದ್ದು, ಸ್ಟೀರಿಂಗಿನ ಏಟು ಹೀರಿಕೊಳ್ಳುವ, ಎಣ್ಣೆ ತುಂಬಿದ ಗಟ್ಟಿ ನಳಿಗೆ. ಹಳೆಯದನ್ನು ಬಿಚ್ಚಿ ಇದನ್ನು ಹಾಕಿಸು. ಆಮೇಲೆ ನಡುಗಿದರೆ ನನ್ನ ಹೆಸರು ಬದಲಾಯಿಸು.

ಇನ್ನೊಂದು ಮಾತು. ಅಮ್ಮನನ್ನು ರೈಲಿಗೆ ಹಾಕಿ ಕಳಿಸಲು ಅವಳೇನು ಪಾರ್ಸಲ್ಲೇ? ಸರದಿ ಹತ್ತಿರ ಬಂದಾಗಲೇ ನಿನ್ನ ಸ್ಟೀರಿಂಗು ನಡುಗಲು ಶುರುವಾಯಿತಲ್ಲ, ಅದು ನನಗೆ ಸೋಜಿಗ. ಹೋದ ವರ್ಷ ಅವಳಿಗೆ ಜ್ವರ ಅಂದೆ. ಅದರ ಹಿಂದಿನ ವರ್ಷ ನಿನಗೇ ಜ್ವರ. ಅಮ್ಮ ಕಣ್ಣೆದುರಿಗೆ ಬೇಕು ಅಂತಿದ್ದರೆ ಬಾಯಿಬಿಟ್ಟು ಹೇಳು, ಪಾಪದ ಜೀಪಿನ ಮೇಲೆ ಹಾಕಬೇಡ.

ಅಣ್ಣ


ಮಾರ್ಚ್ 2

ಪ್ರೀತಿಯ ಅಣ್ಣನಿಗೆ,

ಹೆಸರು ಬದಲಾಯಿಸುವ ಕಷ್ಟ ನನಗಿಲ್ಲ. ಡ್ಯಾಂಪರ್ ಹಾಕಿಸಿದೆ. ಹತ್ತು ದಿನ ಆ ಸೇತುವೆಯ ಮೇಲೆ ದಿನಾ ಹೋದೆ, ಬಂದೆ. ಮೊದಲ ದಿನ ಪಟ್ಟಿ ಹತ್ತಿರ ಬರುವಾಗ ಉಸಿರು ಬಿಗಿಹಿಡಿದಿದ್ದೆ. ದಡ್ ಅಂತು, ಒಂದು ಸಲ ಕೊಸರಿತು, ಸುಮ್ಮನಾಯಿತು. ಸ್ಟೀರಿಂಗು ತಿರುಗಿಸಲು ತುಸು ಬಿಗಿ, ಇರಲಿ.

ಹೋದ ಸಲ ಬರೆದದ್ದು ಜಾಸ್ತಿಯಾಯಿತು, ಹೊಟ್ಟೆಗೆ ಹಾಕಿಕೊ. ನೀನು ಬರೆದದ್ದೂ ಜಾಸ್ತಿಯೇ. ಜ್ವರದ ಮಾತು ಓದಿ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅದನ್ನೂ ಬಿಡು. ಬಿಸಿಲು ಬೀಳುವ ಕೋಣೆಯ ಸುದ್ದಿ ಕೇಳಿ ಅಮ್ಮನಿಗೆ ಖುಷಿ. ಕೊಂಡು ಹೋಗುವ ಸೀರೆ ಯಾವುದು ಅಂತ ಈಗಿನಿಂದಲೇ ಪೆಟ್ಟಿಗೆ ತೆಗೆದು ಕೂತಿದ್ದಾಳೆ. ಜೀಪಿನಲ್ಲೇ ಕರೆತರಲೋ ಎಂದು ಯೋಚಿಸುತ್ತಿದ್ದೇನೆ.

ನಿನ್ನ ಚೂಟಿ


ಮಾರ್ಚ್ 9

ಅಣ್ಣಾ,

ಹಿಂದಿನ ಪತ್ರವನ್ನು ಹರಿದು ಒಲೆಗೆ ಹಾಕು.

ಇವತ್ತು ಮಧ್ಯಾಹ್ನ ಮತ್ತೆ ಬಂತು. ಈ ಸಲ ಸೇತುವೆಯೂ ಬೇಕಾಗಲಿಲ್ಲ, ಡಾಂಬರಿನ ಒಂದು ತೇಪೆ ಸಾಕಾಯಿತು. ಮೊದಲಿನ ನಡುಕ ಇದರ ಮುಂದೆ ಏನೂ ಅಲ್ಲ. ಸ್ಟೀರಿಂಗು ನನ್ನ ಹೆಬ್ಬೆರಳನ್ನು ತಿರುಚಿ ಹಾಕಿತು, ಗಾಡಿ ನಡುಗೆರೆ ದಾಟಿ ಎದುರಿನ ಸಾಲಿಗೆ ಹೋಯಿತು. ಎದುರಿಗೆ ಬರುತ್ತಿದ್ದ ಬಸ್ಸಿನವನು ಮಣ್ಣಿಗೆ ಇಳಿಸಿದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ. ಅವನು ಇಳಿದು ಬಂದು ಬೈದ. "ಗಾಡಿ ಓಡ್ಸೋಕೆ ಬರ್ದಿದ್ರೆ ಮನೇಲಿರ್ಬೇಕಮ್ಮಾ!" ರಸ್ತೆ ಬದಿಯಲ್ಲಿ ಕೂತು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಸಾಯುತ್ತೇನೆ ಅನ್ನಿಸಿತ್ತು ಅಣ್ಣಾ.

ನಿನ್ನ ಡ್ಯಾಂಪರ್ ಏನು ಮಾಡಿದೆ ಗೊತ್ತಾ? ರೋಗ ವಾಸಿ ಮಾಡಿಲ್ಲ, ನೋವು ಗೊತ್ತಾಗದ ಹಾಗೆ ಮಾಡಿದೆ. ಅಷ್ಟು ದಿನವೂ ಒಳಗೆ ಬೋಲ್ಟು ತೂತನ್ನು ಕೊರೆಯುತ್ತಲೇ ಇತ್ತು. ನಳಿಗೆಯ ಕೈ ಮೀರಿದಾಗ ಎಲ್ಲ ಒಟ್ಟಿಗೆ ಹೊರಗೆ ಬಂತು. ನೀನು ತಿಪ್ಪೆ ಸಾರಿಸಿದೆ, ನಾನು ನಿನ್ನನ್ನು ನಂಬಿ ಅದರ ಮೇಲೆ ಎಂಬತ್ತರಲ್ಲಿ ಓಡಿಸಿದೆ.

ಜೀಪನ್ನು ಮನೆ ಮುಂದೆ ನಿಲ್ಲಿಸಿದ್ದೇನೆ. ಕಚೇರಿಯ ವ್ಯಾನಿನಲ್ಲಿ ಹೋಗುತ್ತಿದ್ದೇನೆ. ಅಮ್ಮ ಆ ಗಾಡಿಯಲ್ಲಿ ಬರುವುದಿಲ್ಲ. ನಿನಗೆ ಏನು ಬೇಕಾದರೂ ಅನ್ನಿಸಲಿ.

ಅರವತ್ತರ ಪ್ರಶ್ನೆಗೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ.

ಚೂಟಿ


ಮಾರ್ಚ್ 12

ಚೂಟಿ,

ನಿನ್ನ ಎರಡನೇ ತಾರೀಕಿನ ಪತ್ರ ಈಗ ಕೈ ಸೇರಿತು. ನೋಡಿದೆಯಾ! ಒಂದು ನಳಿಗೆಗೆ ಮುಗಿಯುವ ಕೆಲಸಕ್ಕೆ ಬ್ರಾಕೆಟ್ಟು, ಓರೆ, ತೊಲೆ ಅಂತ ಪುರಾಣ ಬಿಚ್ಚಿದ್ದೆ. ನಿನ್ನ ಅತ್ತಿಗೆ, "ಪಾಪ, ಕ್ಷಮೆ ಕೇಳಿದ್ದಾಳೆ, ಇನ್ನು ಛೇಡಿಸ್ಬೇಡಿ" ಅಂದಳು. ಅದಕ್ಕೇ ಇಷ್ಟಕ್ಕೆ ಬಿಟ್ಟಿದ್ದೇನೆ.

ಜ್ವರದ ಮಾತು ಬರೆಯಬಾರದಿತ್ತು. ಕೋಪ ನೆತ್ತಿಗೇರಿದರೆ ಕೈಗೆ ಬಂದದ್ದು ಬರೆಯುತ್ತೇನೆ, ನಮ್ಮ ಮನೆಯವರೆಲ್ಲ ಹೀಗೇ.

ನೀನು ರಜೆ ಹಾಕುವುದು ಬೇಡ. ನಾಳೆ ಕಲ್ಲಿನ ಲಾರಿ ಇಳಿಯುತ್ತದೆ, ದಾರಿಯಲ್ಲಿ ಪಟ್ಟಣದ ಕೆಲಸಗಳನ್ನು ಮುಗಿಸಿಕೊಂಡು, ತಿಂಗಳ ಕೊನೆಗೆ ಕಾಯದೆ ನಾನೇ ಬರುತ್ತೇನೆ. ಅದೇ ಜೀಪಿನಲ್ಲಿ ಅಮ್ಮನನ್ನು ನಾನೇ ಕರೆದುಕೊಂಡು ಬರುತ್ತೇನೆ. ಮಗ ಎತ್ತರಿಸಿದ ಗಾಡಿಯಲ್ಲಿ ಅಮ್ಮ ಮುಂದೆ ಕೂತು ಬೆಟ್ಟ ಹತ್ತಬೇಕು ಅಂತ ನನಗೊಂದು ಆಸೆ, ನಗಬೇಡ.

ಅಣ್ಣ


ಮಾರ್ಚ್ 18

ಅಣ್ಣಾ,

ಇದು ಯಾವಾಗ ನಿನಗೆ ಸಿಗುತ್ತದೋ, ಓದಲು ನೀನು ಇರುತ್ತೀಯೋ, ಒಂದೂ ಗೊತ್ತಿಲ್ಲ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ.

ಕೆರೆಯಿಂದ ಬಂದೆ. ಮನೆ ಮುಂದೆ ಜೀಪಿಲ್ಲ, ಎಣ್ಣೆಯ ಕಲೆ ಮಾತ್ರ ಇದೆ. ಮೊಳೆಗೆ ನೇತು ಹಾಕಿದ್ದ ಕೀಲಿ ಇಲ್ಲ. ಅಮ್ಮನ ಪೆಟ್ಟಿಗೆ ಇಲ್ಲ. ಬಾಗಿಲ ಕೆಳಗೆ ಇವತ್ತಿನ ಅಂಚೆಯಲ್ಲಿ ಬಂದ ನಿನ್ನ ಪತ್ರ ಬಿದ್ದಿದೆ, ನೀನು ಬರುತ್ತೇನೆ ಅಂತ. ನೀನು ಬಂದು ಹೋದ ಮೇಲೆ!

ಪಕ್ಕದ ಮನೆಯಾಕೆ ಹೇಳಿದರು, "ನಿಮ್ಮಣ್ಣ ಬಂದಿದ್ರು. ನಿಮ್ಮಮ್ಮ ಗಾಡಿ ಹತ್ತಿದ್ರು, ಇಳಿದ್ರು. ನೀರು ಕುಡಿದು ಬರ್ತೀನಿ ಅಂತ ಒಳಗೆ ಹೋದ್ರು. ಮತ್ತೆ ಹತ್ತಿದ್ರು, ಮತ್ತೆ ಇಳಿದ್ರು. ನಿಮ್ಮಣ್ಣ ಕೈ ಹಿಡಿದು ಹತ್ತಿಸ್ಕೊಂಡ್ರು."

ಅವಳು ಇಳಿದದ್ದು ಯಾಕೆ ಅಂತ ಒಂದು ಸಲವಾದರೂ ಕೇಳಬಾರದಿತ್ತಾ? ನಾನು ಬರುವ ತನಕ ಕಾಯಬಾರದಿತ್ತಾ? ನನ್ನ ಒಂಬತ್ತನೇ ತಾರೀಕಿನ ಪತ್ರ ಯಾವ ಹಾಳಾದ ಅಂಚೆಚೀಲದಲ್ಲಿ ಕೂತಿದೆ? ಪೊಲೀಸ್ ಠಾಣೆಗೆ ಹೋಗಿ ಜೀಪಿನ ನಂಬರ್ ಕೊಟ್ಟು ಬಂದೆ. "ಅಣ್ಣ ಅಮ್ಮನನ್ನು ಕರ್ಕೊಂಡು ಹೋದ್ರೆ ಅದಕ್ಕೆ ದೂರು ಏನಮ್ಮ" ಅಂತ ಅವರು ನಕ್ಕರು. ನಗುವವರು ಎಲ್ಲ ಕಡೆಯೂ ಇದ್ದಾರೆ.

ಅಮ್ಮನಿಗೆ ಏನಾದರೂ ಆದರೆ ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ.

ಚೂಟಿ


ಮಾರ್ಚ್ 21

ಚೂಟಿ,

ಅಮ್ಮ ಚೆನ್ನಾಗಿದ್ದಾಳೆ. ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾಳೆ. ಅದನ್ನು ಮೊದಲು ಬರೆದೆ. ಇನ್ನು ಕೇಳು.

ಊರು ಬಿಟ್ಟ ಮೇಲೆ ರಸ್ತೆ ಅಗಲವಾಗಿತ್ತು, ನೆಟ್ಟಗಿತ್ತು. ಅಂಥ ರಸ್ತೆಯಲ್ಲಿ ನಾನು ಗಾಡಿ ಓಡಿಸಿ ಎಷ್ಟು ವರ್ಷವಾಯಿತೋ. ಖುಷಿಗೆ ನಾಲ್ಕನೇ ಗೇರಿಗೆ ಹಾಕಿದೆ. ಅಮ್ಮ ಎದುರಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನನ್ನ ಗಾಡಿಯ ಠೀವಿ ನೋಡುತ್ತಿದ್ದಾಳೆ ಅಂದುಕೊಂಡೆ. ಸೇತುವೆ ಬಂತು.

ಏನಾಯಿತು ಅಂತ ನಿನಗೆ ಬರೆಯಬೇಕಾಗಿಲ್ಲ. ನಾನು ಹೆದರಿ ಬ್ರೇಕಿನ ಮೇಲೆ ಹತ್ತಿ ನಿಂತೆ. ಹಿಂಭಾಗ ಜಾರಿ ಗಾಡಿ ಸೇತುವೆಯ ಕಟ್ಟೆಯ ಕಡೆಗೆ ತಿರುಗಿತು. ಆಗ ಅಮ್ಮ ಕೂಗಿದಳು, "ದೊಡ್ಡೋನೇ, ಬ್ರೇಕು ಬಿಡೋ! ಕಾಲೆತ್ತು, ಸುಮ್ನೆ ಹಿಡ್ಕೊಂಡಿರು! ಚೂಟಿ ಹಂಗೇ ಮಾಡಿದ್ದು, ತಾನಾಗಿ ನಿಲ್ಲುತ್ತೆ!"

ಬಿಟ್ಟೆ. ನಿಂತಿತು. ಕಟ್ಟೆಗೂ ನಮಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿರಲಿಲ್ಲ.

ಎಂಜಿನ್ ಆರಿಸಿ, "ಚೂಟಿ ಹಂಗೇ ಮಾಡಿದ್ಲು ಅಂತ ನಿಂಗೆ ಹೇಗೆ ಗೊತ್ತಮ್ಮ?" ಅಂದೆ. ಅವಳು ಮೊಣಕೈ ನೀವಿಕೊಳ್ಳುತ್ತಾ, "ಅವತ್ತು ನಾನೂ ಇದ್ನಲ್ಲಪ್ಪ" ಅಂದಳು.

ಕೆಳಗೆ ಮಲಗಿ ನೋಡಿದೆ. ನಾನು ದುಂಡಗೆ ಕೊರೆದ ತೂತು ಮೊಟ್ಟೆಯ ಆಕಾರಕ್ಕೆ ಸವೆದಿದೆ. ಬ್ರಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿದೆ. ನೀನು ಬರೆದದ್ದೆಲ್ಲ ನಿಜ. ಜೀಪನ್ನು ಪೆಟ್ರೋಲ್ ಬಂಕಿನಲ್ಲಿ ಬಿಟ್ಟು, ಹಾಲಿನ ಲಾರಿಯಲ್ಲಿ ಅಮ್ಮನನ್ನು ಮುಂದೆ ಕೂರಿಸಿಕೊಂಡು ಬಂದೆ. ಮನೆಗೆ ಬಂದರೆ ನಿನ್ನ ಒಂಬತ್ತನೇ ತಾರೀಕಿನ ಪತ್ರ ಮೇಜಿನ ಮೇಲಿತ್ತು.

ಆದರೆ ಚೂಟಿ, ನನಗೆ ತಡೆಯಲಾರದಷ್ಟು ಸಿಟ್ಟು ಬಂದಿದೆ, ನಿನ್ನ ಮೇಲೆ. ಜನವರಿಯಲ್ಲೇ ಅಮ್ಮ ಆ ಗಾಡಿಯಲ್ಲಿದ್ದಳು. ನನಗೆ ಬಚ್ಚಲಿನ ಬಾಗಿಲಿನ ಕತೆ ಬರೆದೆ. ಯಾಕೆ ಮುಚ್ಚಿಟ್ಟೆ? ಅಮ್ಮ ಗಾಡಿಯಲ್ಲಿದ್ದಳು ಅಂತ ಒಂದು ಸಾಲು, ಒಂದೇ ಒಂದು ಸಾಲು ಬರೆದಿದ್ದರೆ ಅವತ್ತೇ ಕೈಯಲ್ಲಿದ್ದ ಕೆಲಸ ಬಿಸಾಡಿ ಇಳಿದು ಬರುತ್ತಿದ್ದೆ. ಅವಳನ್ನು ಕೊಲ್ಲುವ ತನಕ ನನ್ನನ್ನು ಬಿಟ್ಟೆಯಲ್ಲ!

ಅಣ್ಣ


ಮಾರ್ಚ್ 29

ಅಣ್ಣಾ,

ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿ ಬಾಗಿಲಲ್ಲೇ ಒಡೆದೆ. ಮೊದಲ ಸಾಲು ಓದಿ ಅತ್ತೆ. ಕೊನೆಯ ಸಾಲು ಓದಿ ಅಳು ನಿಂತುಹೋಯಿತು.

ಬರೆಯಬೇಡ ಅಂದದ್ದು ಅಮ್ಮ. "ಪಾಪ, ಆಸೆಪಟ್ಟು ಮಾಡಿಕೊಟ್ಟಿದ್ದಾನೆ, ನನಗೇ ಏಟಾಯ್ತು ಅಂತ ತಿಳಿದ್ರೆ ಒಳಗೊಳಗೇ ಕೊರಗ್ತಾನೆ, ನೀನು ಗಾಡಿ ವಿಷ್ಯ ಮಾತ್ರ ಬರಿ" ಅಂದಳು. ಅವಳಿಗೆ ಮಾತು ಕೊಟ್ಟೆ. ಅದು ತಪ್ಪೇ, ಬೈಯುವುದಿದ್ದರೆ ಬೈ. ಆದರೆ ಮಾತು ಕೊಡುವಾಗ ನನಗೇನೂ ಕಷ್ಟವಾಗಲಿಲ್ಲ. ಅಮ್ಮನ ಹೆಸರು ಎತ್ತಬೇಕಾಗಿಯೇ ಇಲ್ಲ ಅಂದುಕೊಂಡಿದ್ದೆ. ನಾನು ಆ ಗಾಡಿಯಲ್ಲಿದ್ದೇನೆ ಅಂತ ಬರೆದರೆ ಅಣ್ಣ ಎದ್ದು ಬರುತ್ತಾನೆ, ಅಷ್ಟು ಸಾಕು ಅಂದುಕೊಂಡಿದ್ದೆ.

ನಡುಗುತ್ತದೆ ಅಂತ ಬರೆದೆ, ನೀನು ನಕ್ಕೆ. ಯಾಕೆ ನಡುಗುತ್ತದೆ ಅಂತ ಕೆಳಗೆ ಮಲಗಿ ನೋಡಿ ಬರೆದೆ, ನಾನು ಅಮ್ಮನನ್ನು ಕಟ್ಟಿಹಾಕಿಕೊಂಡಿದ್ದೇನೆ ಅಂತ ನೀನು ಅಂದೆ. ಒಂದು ಸಾಲಿಗೆ ಕೆಲಸ ಬಿಸಾಡಿ ಬರುತ್ತಿದ್ದೆ ಅನ್ನುತ್ತೀಯ. ನೀನು ಬರುತ್ತಿದ್ದೆ, ನನಗೆ ಅನುಮಾನವೇ ಇಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದೇ ಅದಕ್ಕೆ. ಅಮ್ಮ ಕೂತಾಗ ಅದು ಗಾಡಿಯ ರೋಗ. ನಾನು ಕೂತಾಗ ಅದು ನನ್ನ ಕೈಯ ದೋಷ. ಅಮ್ಮ ಓಡುವ ಗಾಡಿಯಲ್ಲಿ ಕೂತದ್ದು ಎರಡು ಸಲ. ನಾನು ದಿನಾ ಕೂತಿದ್ದೆ ಅಣ್ಣಾ.

ಬ್ರಾಕೆಟ್ ಕತ್ತರಿಸಿ ದಪ್ಪ ತಗಡಿನಲ್ಲಿ ಹೊಸದು ಮಾಡು. ಚಕ್ರದ ಓರೆ ಸರಿಮಾಡು. ಗಣಿಯಲ್ಲಿ ನೀನು ಎತ್ತರಿಸಿದ ಗಾಡಿಗಳು ಹೆದ್ದಾರಿಗೆ ಇಳಿಯುವ ಮೊದಲು ಒಂದೊಂದನ್ನೂ ವಾಪಸ್ ಕರೆಸು. ಅವರಲ್ಲಿ ಯಾರ ಪಕ್ಕ ಯಾರ ಅಮ್ಮ ಕೂತಿದ್ದಾಳೆ ಅಂತ ವಿಚಾರಿಸುತ್ತಾ ಕೂರಬೇಡ, ಓಡಿಸುವವನೊಬ್ಬ ಇದ್ದಾನೆ ಅನ್ನುವುದು ಸಾಕು.

ಜೀಪು ರಿಪೇರಿಯಾದ ಮೇಲೆ ನನಗೆ ಕಳಿಸುವ ಮೊದಲು ಹೆದ್ದಾರಿಯಲ್ಲಿ ಎಂಬತ್ತಕ್ಕೆ ಓಡಿಸಿ ನೋಡು. ಅಮ್ಮನನ್ನು ಕೂರಿಸಿಕೊಳ್ಳಬೇಡ, ಒಬ್ಬನೇ ಹೋಗು. ನಡುಗಿದರೆ ನನಗೆ ಬರೆ. ನಾನು ನಂಬುತ್ತೇನೆ.

ಚೂಟಿ